ಎಂಟು ಕಾಯಿಲ್ಲಿನ ಗಾಡಿ

ದಿಲ್ಲಿಯ ಮುಖರ್ಜಿ ನಗರ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಐಎಎಸ್ ಕೋಚಿಂಗು. ಧಾರವಾಡಕ್ಕೆ ಹೋದಾಗ ಯಾರಾದರೂ "ದಿಲ್ಲಿಯೊಳಗ ಎಲ್ಲಿ ಇರ್ತೀರಿ?" ಎಂದು ಕೇಳಿ, ನಾನು ಮುಖರ್ಜಿ ನಗರ ಅಂದರೆ ಸಾಕು, "ಹೌದೇನ್ರಿ? ನೀವೂ ಪರೀಕ್ಷಾ ಕಟ್ಟೀರೇನು?" ಅನ್ನುತ್ತಾರೆ. ನರೆತ ತಲೆಯನ್ನು ನೋಡಿಯೂ ಕೇಳುತ್ತಾರೆ! ನಾನು ಆ ಪರೀಕ್ಷೆ ಕಟ್ಟಿದವನಲ್ಲ. ಹತ್ತಿರದಲ್ಲೇ ಇರುವ ದಿಲ್ಲಿ ವಿಶ್ವವಿದ್ಯಾಲಯದ ಉತ್ತರ ಆವರಣದ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುವ ಮಾಸ್ತರ. ಬಾಡಿಗೆ ಕಡಿಮೆ, ಕಾಲೇಜು ಹತ್ತಿರ ಎಂದು ಇಲ್ಲಿ ಮನೆ ಹಿಡಿದವನು ಇಲ್ಲೇ ಉಳಿದೆ.

ಈ ಭಾಗದಲ್ಲಿ ಮೂಲ ನಿವಾಸಿ ಎನ್ನುವವರು ಸಿಗುವುದೇ ಕಷ್ಟ. ಪಕ್ಕದ ಕಿಂಗ್ಸ್‌ವೇ ಕ್ಯಾಂಪು 1947ರಲ್ಲಿ ಪಂಜಾಬಿನಿಂದ ಬಂದ ನಿರಾಶ್ರಿತರ ದೊಡ್ಡ ಶಿಬಿರವಾಗಿತ್ತು. ನಮ್ಮ ಮನೆಮಾಲೀಕ ಸರ್ದಾರ್ಜಿಯ ತಂದೆ ಅಲ್ಲಿಯ ಡೇರೆಯಲ್ಲಿ ಬದುಕು ಶುರುಮಾಡಿದವರು. ಅವರ ಮಕ್ಕಳು ಕಟ್ಟಿದ ಮನೆಗಳ ತಾರಸಿ ಕೋಣೆಗಳಲ್ಲಿ ಈಗ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಹುಡುಗರು. ಬತ್ರಾ ಸಿನೆಮಾದ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಪಾಸಾದವರ ಫೋಟೋ ಇರುವ ಫಲಕಗಳು, ಝೆರಾಕ್ಸ್ ನೋಟ್ಸಿನ ಅಂಗಡಿಗಳು, ಚಹಾದ ಗೂಡುಗಳು. ಎಲ್ಲರೂ ಎಲ್ಲಿಂದಲೋ ಬಂದವರು. ಹೆಚ್ಚಿನವರು ಮುಂದಿನ ವರ್ಷ ಹೋಗುವವರು. ಹೀಗಾಗಿ ಯಾರಿಗೂ ಯಾರ ಪರಿಚಯವೂ ಗಟ್ಟಿಯಾಗುವುದಿಲ್ಲ.

ಕನ್ನಡದವರನ್ನು ಕಾಣಬೇಕೆಂದರೆ ದಕ್ಷಿಣಕ್ಕೆ ಹೋಗಬೇಕು. ದೆಹಲಿ ಕರ್ನಾಟಕ ಸಂಘ ಇರುವುದು ಆರ್.ಕೆ. ಪುರಂನಲ್ಲಿ, ಕನ್ನಡ ಶಾಲೆ ಲೋದಿ ಎಸ್ಟೇಟಿನಲ್ಲಿ. ನಮ್ಮಲ್ಲಿಗೆ ಮೆಟ್ರೋ ಬಂದದ್ದು 2009ರಲ್ಲಿ. ಅದಕ್ಕೂ ಮುಂಚೆ ರಾಜ್ಯೋತ್ಸವದ ನಾಟಕ ನೋಡಿಕೊಂಡು ರಾತ್ರಿ ಮನೆ ಸೇರುವುದೆಂದರೆ ಒಂದು ಸಾಹಸವೇ ಆಗಿತ್ತು. ಆ ಕಾರಣ ಹೇಳಿಕೊಂಡೇ 2005ರ ನವೆಂಬರಿನಲ್ಲಿ ಸಾಲ ಮಾಡಿ ಒಂದು ಹೋಂಡಾ ಸಿಟಿ ಕೊಂಡೆವು. ಕಥೆ ಈ ಗಾಡಿಯದು.

ಆಗಿನ ಹೋಂಡಾ ಸಿಟಿಯಲ್ಲಿ ಐ-ಡಿಎಸ್‌ಐ ಎಂಬ ಎಂಜಿನ್ ಬರುತ್ತಿತ್ತು. ಸಾಮಾನ್ಯವಾಗಿ ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿಗೆ ನಾಲ್ಕು ಪ್ಲಗ್. ಇದರಲ್ಲಿ ಸಿಲಿಂಡರಿಗೆ ಎರಡರಂತೆ ಎಂಟು. ಪೆಟ್ರೋಲು ಎರಡು ಕಡೆಯಿಂದ ಬೇಗ ಹೊತ್ತಿಕೊಂಡು ಪೂರ್ತಿ ಉರಿಯಲಿ, ಮೈಲೇಜು ಹೆಚ್ಚಲಿ ಎಂಬುದು ಲೆಕ್ಕ. ಎಂಟು ಪ್ಲಗ್ಗುಗಳಿಗೆ ಎಂಟು ಇಗ್ನಿಷನ್ ಕಾಯಿಲ್. ಈ ಕಾಯಿಲ್ ಎಂಬುದು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಧೂಳು ತಿನ್ನುತ್ತ ಕೂತಿರುವ ಇಂಡಕ್ಷನ್ ಕಾಯಿಲ್ಲಿನ ಮರಿಮಗ. ಬ್ಯಾಟರಿಯ 12 ವೋಲ್ಟಿನ ಕರೆಂಟು ದಪ್ಪ ತಂತಿಯ ಕೆಲವೇ ಸುತ್ತುಗಳಲ್ಲಿ ಹರಿಯುತ್ತದೆ. ಅದನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿದು, ಪಕ್ಕದ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟುತ್ತದೆ. ಅದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದ್ದರೆ ಒಂದೊಂದು ಕಾಯಿಲ್ ಸೆಕೆಂಡಿಗೆ 20 ಸಲ ಈ ಕೆಲಸ ಮಾಡಬೇಕು. ಬಿಸಿ ಎಂಜಿನ್ನಿನ ನೆತ್ತಿಯ ಮೇಲೆ ಕೂತು, ದಿಲ್ಲಿಯ 45 ಡಿಗ್ರಿ ಬೇಸಗೆಗಳಲ್ಲಿ ಹದಿಮೂರು ವರ್ಷ ಹೀಗೆ ದುಡಿದವು ಅಂದಮೇಲೆ ಅವನ್ನು ದೂರುವಂತಿಲ್ಲ. ಮನುಷ್ಯನ ಮೊಳಕಾಲೂ ಅಷ್ಟು ದುಡಿಯುವುದಿಲ್ಲ.

ಮೊಳಕಾಲಿನ ಮಾತು ಸುಮ್ಮನೆ ಬಂದದ್ದಲ್ಲ. ಅಪ್ಪ ತೀರಿಕೊಂಡ ಮೇಲೆ 2016ರಲ್ಲಿ ಅವ್ವ ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದಳು. 2018ರ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಬಲಗಾಲಿನ ಮಂಡಿಯ ಆಪರೇಷನ್ ಆಯಿತು. ಯಮುನೆಯ ಆಚೆ, ಪೂರ್ವ ದಿಲ್ಲಿಯ ಆಸ್ಪತ್ರೆಗೆ ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಆಟೋದಲ್ಲಿ ಕಾಲು ಚಾಚಲು ಆಗುವುದಿಲ್ಲ. ನಮ್ಮ ಗಾಡಿಯ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿದರೆ ಅವಳಿಗೆ ಹಾಯಾಗಿ ಕೂಡಲು ಬರುತ್ತಿತ್ತು. ಅದೃಷ್ಟಕ್ಕೆ ಆ ನವೆಂಬರಿನಲ್ಲೇ ವಜೀರಾಬಾದಿನ ಸಿಗ್ನೇಚರ್ ಸೇತುವೆ ತೆರೆಯಿತು. ಇಳಿದು ದಾಟಿದರೆ ಆಸ್ಪತ್ರೆಯ ದಾರಿ.

ಆ ಸೇತುವೆಯ ಏರಿನಲ್ಲೇ ಗಾಡಿ ಮೊದಲ ಸಲ ಕೆಮ್ಮಿತು. ಸಪಾಟು ರಸ್ತೆಯಲ್ಲಿ ಏನೂ ಇಲ್ಲ; ಏರು ಬಂದು ಆಕ್ಸಿಲರೇಟರ್ ಒತ್ತಿದರೆ ಜಗ್ಗಿದಂತೆ ಜಟಕಾ. ಡಿಸೆಂಬರ್ ಹೊತ್ತಿಗೆ ಅದು ಹೆಚ್ಚಾಯಿತು. ಒಂದು ಬೆಳಿಗ್ಗೆ, ಮಂಜು ಕವಿದು ಹತ್ತು ಮಾರು ಮುಂದೇನಿದೆ ಕಾಣದ ಹೊತ್ತಿನಲ್ಲಿ, ಸೇತುವೆಯ ನಡುವೆ ಗಾಡಿ ಎಳೆಯುವುದನ್ನೇ ಬಿಟ್ಟಂತಾಯಿತು. ಹಿಂದೆ ಲಾರಿಯ ಹಾರ್ನು. ಅವ್ವ ಬಾಗಿಲಿನ ಹಿಡಿಕೆ ಬಿಗಿಯಾಗಿ ಹಿಡಿದು ಕೂತಳು, ಒಂದು ಮಾತೂ ಆಡಲಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ, "ನಾಳಿಂದ ನಾ ಮನ್ಯಾಗ ಕಾಲು ಆಡಿಸ್ತೀನಿ, ತಗೊ. ಇಷ್ಟು ದೂರ ಬರೂದು ಬ್ಯಾಡ" ಎಂದಳು. ಮನೆಯಲ್ಲಿ ಆಡಿಸಿದರೆ ಆ ಕಾಲು ಪೂರ್ತಿ ಮಡಚಲು ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಊರಿನಲ್ಲಾಗಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಅಪ್ಪನ ಸ್ಕೂಟರಿನ ಕಾಲದಿಂದ ನಮ್ಮ ಮನೆಯ ಎಲ್ಲ ಗಾಡಿಗಳ ವೈದ್ಯ. ಸದ್ದು ಕೇಳಿಯೇ ರೋಗ ಹೇಳುವವನು. ಅವನು "ಇದಕ್ಕೇನೂ ಆಗಿಲ್ರಿ, ಮನಿಗೆ ಹೋಗ್ರಿ" ಅಂದರೆ ಅಷ್ಟೇ, ಮುಗಿಯಿತು. ಹೆಚ್ಚು ರೊಕ್ಕ ತೆಗೆದುಕೊಂಡರೆ ನಾಳೆ ಸಂತೆಯಲ್ಲಿ ಅವ್ವನಿಗೆ ಮುಖ ತೋರಿಸಬೇಕಲ್ಲ! ಪರಊರಿನಲ್ಲಿ ಇಲ್ಲದ್ದು ಇದು. ಮೆಕ್ಯಾನಿಕರಿಗೆ ಇಲ್ಲಿ ಬರವಿಲ್ಲ, ಜಾಣರೂ ಇದ್ದಾರೆ. ಆದರೆ ನಾವು ಅವರಿಗೆ ಯಾರೂ ಅಲ್ಲ, ಅವರು ನಮಗೆ ಯಾರೂ ಅಲ್ಲ. ನಂಬಲು ನಡುವೆ ಏನೂ ಇರುವುದಿಲ್ಲ.

ದೊಡ್ಡದೊಂದು ಗ್ಯಾರೇಜಿಗೆ ಒಯ್ದೆ. ಏಸಿ ಹಾಕಿದ ಕೋಣೆಯಲ್ಲಿ ಕೂಡಿಸಿ ಚಹಾ ಕೊಟ್ಟರು, ಒಂದು ತಾಸಿನ ನಂತರ ಅಂದಾಜಿನ ಕಾಗದ ಕೊಟ್ಟರು. ಪೆಟ್ರೋಲ್ ಪಂಪು ಬದಲಿಸಬೇಕು, ಇಂಜೆಕ್ಟರ್ ತೊಳೆಯಬೇಕು, ಎಂಟೂ ಕಾಯಿಲ್ ಹೊಸದು, ಅಷ್ಟಕ್ಕೂ ಸರಿಯಾಗದಿದ್ದರೆ ಎಂಜಿನ್ ಬಿಚ್ಚಿ ನೋಡಬೇಕು. ಒಟ್ಟು ಮೊತ್ತ ಗಾಡಿಯ ಆಗಿನ ಬೆಲೆಯ ಅರ್ಧಕ್ಕಿಂತ ಹೆಚ್ಚು. ಕಾಗದ ಕೊಟ್ಟ ಹುಡುಗ ಒಳ್ಳೆಯ ಮನಸ್ಸಿನಿಂದಲೇ, "ಸರ್‌ಜೀ, ಇಸ್ಕೋ ಅಬ್ ಬೇಚ್ ದೋ" ಎಂದ. ಅವನ ಮಾತಿನಲ್ಲಿ ಅರ್ಥವಿತ್ತು. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿ ಸುತ್ತಮುತ್ತ ಓಡಬಾರದು ಎಂದು ಹಸಿರು ನ್ಯಾಯಮಂಡಳಿ ಹಿಂದೆಯೇ ಹೇಳಿತ್ತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದು, ಅಂಥ ಗಾಡಿಗಳ ಪಟ್ಟಿಯನ್ನು ಪ್ರಕಟಿಸಲು ಹೇಳಿತು. ನಮ್ಮ ಗಾಡಿಗೆ ಹದಿಮೂರು. ಇನ್ನೆರಡು ವರ್ಷದ ಆಯುಷ್ಯಕ್ಕೆ ಇಷ್ಟು ದುಡ್ಡು ಸುರಿಯುವವರು ಯಾರು? ಸಹೋದ್ಯೋಗಿಗಳೂ ಅದನ್ನೇ ಹೇಳಿದರು. ಆದರೆ ಅವ್ವನ ಕಾಲಿಗೆ ಬೇಕಾದದ್ದು ಎರಡು ವರ್ಷವಲ್ಲ, ಮುಂದಿನ ಮೂರು ತಿಂಗಳು.

ಆ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡು ಎರಡು ರಾತ್ರಿ ಯೋಚಿಸಿದೆ. ಸಪಾಟಿನಲ್ಲಿ ಸರಿ, ಏರಿನಲ್ಲಿ ಜಟಕಾ, ಏಕೆ? ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲು ಒತ್ತಾಗಿ ತುಂಬುತ್ತದೆ. ದಟ್ಟವಾದ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ ವೋಲ್ಟೇಜು ಹೆಚ್ಚು ಬೇಕು. ಕಾಯಿಲ್ಲಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಹೊತ್ತಿನಲ್ಲಿ ಕರೆಂಟು ಪ್ಲಗ್ಗಿನ ತುದಿಗೆ ಹೋಗದೆ ಬಿರುಕಿನ ಸುಲಭ ದಾರಿ ಹಿಡಿದು ಪಕ್ಕಕ್ಕೆ ಹಾರುತ್ತದೆ. ಇದು ನಾನು ಇಪ್ಪತ್ತು ವರ್ಷ ಹಲಗೆಯ ಮೇಲೆ ಬರೆದ ಪಾಠವೇ! ಮೆಕ್ಯಾನಿಕರು 'ಮಿಸ್ಸಿಂಗ್' ಎನ್ನುವುದು ಇದನ್ನೇ. ಹಾಗಿದ್ದರೆ ಪಂಪೂ ಬೇಡ, ಇಂಜೆಕ್ಟರೂ ಬೇಡ; ಮೊದಲು ಕಾಯಿಲ್ ನೋಡಬೇಕು. ಹಳೆಯ ಕಾಲದ ಕಾಯಿಲ್ಲಿನಂತೆ ಮೀಟರು ಹಿಡಿದು ಓಮ್ ಅಳೆದರೆ ಇವುಗಳ ಗುಟ್ಟು ತಿಳಿಯುವುದಿಲ್ಲ, ಒಳಗೇ ಟ್ರಾನ್ಸಿಸ್ಟರ್ ಇರುತ್ತದೆ. ಆದರೆ ಎಂಟು ಕಾಯಿಲ್ ಇರುವ ಎಂಜಿನ್ನಿಗೆ ಒಂದು ಅನುಕೂಲವಿದೆ. ಮುಂದಿನ ಸಾಲಿನ ನಾಲ್ಕು ಸಿಲಿಂಡರಿಗೆ ಒಂದೊಂದು, ಹಿಂದಿನ ಸಾಲಿನ ನಾಲ್ಕೂ ಅದೇ ಸಿಲಿಂಡರಿಗೆ ಒಂದೊಂದು. ಒಂದು ಸಾಲನ್ನು ಮಲಗಿಸಿ ಇನ್ನೊಂದರ ಮೇಲೆ ಎಂಜಿನ್ ಓಡಿಸಿ ನೋಡಬಹುದು.

ಭಾನುವಾರ ಬೆಳಿಗ್ಗೆ ಬಿಸಿಲು ಬಂದ ಮೇಲೆ ಗಲ್ಲಿಯಲ್ಲೇ ಬಾನೆಟ್ ಎತ್ತಿದೆ. ಎಂಜಿನ್ ಬಂದ್ ಮಾಡಿ ಹಿಂದಿನ ಸಾಲಿನ ನಾಲ್ಕು ವಯರಿನ ಕೊಂಡಿ ಬಿಡಿಸಿ ಶುರುಮಾಡಿದರೆ, ಮುಂದಿನ ನಾಲ್ಕರ ಮೇಲೆ ಎಂಜಿನ್ ಸಮನಾಗಿ ಉಸಿರಾಡಿತು. ಮತ್ತೆ ಬಂದ್ ಮಾಡಿ, ಹಿಂದಿನವನ್ನು ಜೋಡಿಸಿ ಮುಂದಿನವನ್ನು ಬಿಡಿಸಿದೆ. ಶುರುಮಾಡಿದ ಕೂಡಲೇ ಗಾಡಿ ಕುಂಟತೊಡಗಿತು. ಒಂದು ಸಿಲಿಂಡರ್ ಪೂರ್ತಿ ಸತ್ತಿದೆ, ಇನ್ನೊಂದು ಆಗಾಗ ತಪ್ಪುತ್ತಿದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಹೀಗೆ ಓಡಿಸಬಾರದು, ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡುತ್ತದೆ. ಆದರೆ ಅರ್ಧ ನಿಮಿಷ ಸಾಕಾಗಿತ್ತು. ರೋಗ ಹಿಂದಿನ ಸಾಲಿನಲ್ಲಿತ್ತು.

ಸಾಮಾನು ತರಲು ಮರುದಿನ ಕಾಶ್ಮೀರಿ ಗೇಟಿಗೆ ಹೋದೆ. ಜಿಟಿಬಿ ನಗರದಿಂದ ಮೆಟ್ರೋದಲ್ಲಿ ನಾಲ್ಕನೇ ನಿಲ್ದಾಣ. ಉತ್ತರ ಭಾರತದ ಗಾಡಿಗಳ ಬಿಡಿಭಾಗಗಳ ದೊಡ್ಡ ಪೇಟೆ ಅದು. ಹಳೆಯ ಕಟ್ಟಡಗಳ ನಡುವಿನ ಓಣಿಗಳಲ್ಲಿ ಕೈಗಾಡಿಯ ಮೇಲೆ ಬಂಪರ್ ಹೊತ್ತೊಯ್ಯುವವರು, ಗೋಣಿಯಲ್ಲಿ ಬೇರಿಂಗ್ ಸುರಿಯುವವರು. ಅಂಗಡಿಯವನು ಮೂರು ಡಬ್ಬಿ ಇಟ್ಟು, "ಅಸಲಿ, ಅಸಲಿ ಜೈಸಾ, ಔರ್ ಯೇ ಚಲೇಗಾ" ಎಂದು ಮೂರು ಜಾತಿ ಮಾಡಿ ತೋರಿಸಿದ! ಅಷ್ಟು ಪ್ರಾಮಾಣಿಕವಾಗಿ ಸುಳ್ಳು ಮಾರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಂದಿನ ಸಾಲಿನ ಕಾಯಿಲ್ಲಿಗೂ ಹಿಂದಿನದಕ್ಕೂ ನಂಬರು ಬೇರೆ ಬೇರೆ. ಹಿಂದಿನದರ ನಂಬರು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಒಂದು ಕಾಯಿಲ್ಲಿಗೆ ಎರಡು ಸಾವಿರದ ಮೇಲೆ ಆಗುವ ಅಸಲಿಯನ್ನೇ ನಾಲ್ಕು ಕೊಂಡೆ, ಜೊತೆಗೆ ನಾಲ್ಕು ಪ್ಲಗ್. ಕೆಟ್ಟದ್ದು ಎರಡೇ ಇರಬಹುದು. ಆದರೆ ಒಂದೇ ದಿನ ಹುಟ್ಟಿದವು ಒಂದರ ಹಿಂದೆ ಒಂದು ಹೋಗುತ್ತವೆ. ಆ ಸಾಲನ್ನು ಮುಟ್ಟುವುದೇ ದೊಡ್ಡ ಕೆಲಸವಾದ್ದರಿಂದ ಒಂದೇ ಸಲ ನಾಲ್ಕೂ ಆಗಲಿ ಎನಿಸಿತು.

ಮುಂದಿನ ಸಾಲು ಬಾನೆಟ್ ಎತ್ತಿದರೆ ಕೈಗೆ ಸಿಗುತ್ತದೆ. ಹಿಂದಿನದು ಗಾಜಿನ ಬುಡದ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಡಗಿ ಕೂತಿರುತ್ತದೆ. ವೈಪರಿನ ಎರಡೂ ಕೈ ಕಳಚಿ, ಆ ಮುಚ್ಚಳ ಎತ್ತಬೇಕು. ಬುಧವಾರ ಕಾಲೇಜಿಗೆ ರಜೆ ಹಾಕಿದೆ. ಎಂಜಿನ್ ಪೂರ್ತಿ ತಣ್ಣಗಿತ್ತು. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ವೈಪರ್ ಮತ್ತೆ ಅದೇ ಜಾಗಕ್ಕೆ ಕೂಡಲೆಂದು ಗಾಜಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತಿದ್ದಾಗ ಮೇಲಿನಿಂದ ದನಿ ಬಂತು: "ಸರ್, ಅದು ಹಂಗ ಬರಂಗಿಲ್ರಿ. ನಟ್ ತೆಗದ್ ಮ್ಯಾಲ ಅತ್ತಿತ್ತ ಅಲ್ಲಾಡಸ್ರಿ."

ಕನ್ನಡ! ತಾರಸಿಯ ಕೋಣೆಗೆ ಆರು ತಿಂಗಳ ಹಿಂದೆ ಬಂದಿದ್ದ ಹುಡುಗ. ಮೆಟ್ಟಿಲಲ್ಲಿ ಎದುರಾದಾಗ ಹಿಂದಿಯಲ್ಲೇ ನಮಸ್ತೆ ಅನ್ನುತ್ತಿದ್ದ. ಆಳಂದದ ಕಡೆಯವನಂತೆ. ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯ ಮಾಡಿಕೊಂಡು ಮೂರು ಸಲ ಪರೀಕ್ಷೆ ಕಟ್ಟಿ, ನಾಲ್ಕನೆಯದಕ್ಕೆ ಓದುತ್ತಿದ್ದ. ಅವನ ಅಪ್ಪನದು ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು. ನಾವು ಮಾತಾಡುವುದು ಕೇಳಿ ಕನ್ನಡದವರೆಂದು ಗೊತ್ತಿದ್ದರೂ, ಮೇಷ್ಟ್ರನ್ನು ಸುಮ್ಮನೆ ಮಾತಾಡಿಸುವುದು ಹೇಗೆ ಎಂದು ಸಂಕೋಚವಂತೆ. ಕೆಳಗಿಳಿದು ಬಂದವನು ತೋಳು ಮಡಚಿದ.

ಮುಚ್ಚಳದ ಕೆಳಗೆ ಹದಿಮೂರು ವರ್ಷದ ಬೇವಿನೆಲೆ ಕೊಳೆತು ಮಣ್ಣಾಗಿತ್ತು. ಅದನ್ನು ಬಳಿದು ತೆಗೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆದೆವು. ಕಸ ಪ್ಲಗ್ಗಿನ ಬಾವಿಯೊಳಗೆ ಬಿದ್ದರೆ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಕಾಯಿಲ್ಲಿಗೆ ಹತ್ತು ನಂಬರಿನ ಪಾನಾದ ಒಂದೊಂದೇ ಬೋಲ್ಟು. ಬಿಸಿಲು, ಬಿಸಿ ತಿಂದು ವಯರಿನ ಕೊಂಡಿಗಳ ಪ್ಲಾಸ್ಟಿಕ್ ಹಪ್ಪಳದಂತಾಗಿತ್ತು. ಹುಡುಗ ಹೆಬ್ಬೆರಳಿನ ಉಗುರಿನಿಂದ ಒಂದೂ ಮುರಿಯದಂತೆ ಬಿಡಿಸಿದ. ಕಾಯಿಲ್ಲುಗಳು ಸ್ವಲ್ಪ ತಿರುಚಿದ ಮೇಲೆ ಬಾಟಲಿಯ ಬಿರಡೆಯ ಸದ್ದು ಮಾಡಿ ಮೇಲೆ ಬಂದವು. ಎರಡರ ರಬ್ಬರಿನ ಮೈಮೇಲೆ ಪೆನ್ಸಿಲಿನಿಂದ ಎಳೆದಂಥ ಕಪ್ಪು ಗೆರೆ. ಕಿಡಿ ಪಕ್ಕಕ್ಕೆ ಹಾರುತ್ತಿದ್ದ ದಾರಿ ಅದು. ನಾನು ಅದನ್ನು ತೋರಿಸಿ ಫ್ಯಾರಡೆಯಿಂದ ಶುರುಮಾಡಿ ವಿವರಿಸಿದೆ. ಅವನು ಪೂರ್ತಿ ಕೇಳಿ, "ಟ್ರ್ಯಾಕ್ಟರಿಗೆ ಇದ್ಯಾವ್ದೂ ಇರಂಗಿಲ್ರಿ, ಡೀಸೆಲ್‌ಗೆ ಕಿಡಿನ ಬೇಕಾಗಿಲ್ಲ" ಎಂದ.

ಹೊಸ ಪ್ಲಗ್ ಕೂಡಿಸುವಾಗ ಅವನು ಪಾನಾ ಮುಟ್ಟಲು ಬಿಡಲಿಲ್ಲ. "ಮೊದ್ಲು ಬೆಳ್ಳಿಲೆ ತಿರುವ್ರಿ ಸರ್. ತಾನ ಹೋಗ್ತದ. ಹೋಗಲಿಲ್ಲಂದ್ರ ಸೊಟ್ಟ ಕುಂತದ ಅಂತ ತಿಳಕೋಬೇಕು." ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು, ಬಲ ಹಾಕಿದರೆ ಥ್ರೆಡ್ ಕಿತ್ತುಹೋಗುತ್ತದೆ. ಬೆರಳಿನಿಂದ ಪೂರ್ತಿ ಇಳಿಸಿ, ಕೊನೆಗೆ ಪಾನಾದಿಂದ ಒಂದಿಷ್ಟೇ ಬಿಗಿ. ಮಧ್ಯಾಹ್ನ ಅವ್ವ ಮೇಲಿನಿಂದ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಕಳಿಸಿದಳು. ಕೈಗೆಲ್ಲ ಗ್ರೀಸು ಮೆತ್ತಿಕೊಂಡ ಹುಡುಗ ಗಲ್ಲಿಯ ನಲ್ಲಿಯಲ್ಲಿ ಕೈ ತಿಕ್ಕುತ್ತ ನಕ್ಕ: "ಕೈಗೆ ಎಣ್ಣಿ ಹತ್ತಬಾರದಂತ ಅಪ್ಪ ಇಲ್ಲೀತನ ಕಳಿಸ್ಯಾನ್ರಿ ಸರ್. ಇಲ್ಲಿ ಬಂದ್ರೂ ಎಣ್ಣೀನ ಆತು." ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಎರಡು ವರ್ಷದಲ್ಲಿ ಇವತ್ತು ಮೊದಲ ಸಲ ಒಂದು ಕೆಲಸ ಶುರುಮಾಡಿದ ದಿನವೇ ಮುಗಿಯುವುದನ್ನು ಕಂಡೆ ಅಂದ. ವರ್ಷಗಟ್ಟಲೆ ಓದಿ, ಫಲಿತಾಂಶದ ಪಟ್ಟಿಯಲ್ಲಿ ಹೆಸರು ಹುಡುಕುತ್ತ ಬದುಕುವ ಈ ಹುಡುಗರ ಕಷ್ಟ ಏನೆಂದು ಅಷ್ಟು ವರ್ಷ ಅದೇ ಗಲ್ಲಿಯಲ್ಲಿದ್ದರೂ ನನಗೆ ಆ ಒಂದು ಮಾತಿನಷ್ಟು ಯಾರೂ ತಿಳಿಸಿರಲಿಲ್ಲ.

ನಾಲ್ಕು ಗಂಟೆಗೆ ಬ್ಯಾಟರಿಯ ತಂತಿ ಜೋಡಿಸಿ ಕೀಲಿ ತಿರುವಿದೆ. ಮುಂದಿನ ಸಾಲನ್ನು ಮತ್ತೆ ಮಲಗಿಸಿ ಹಿಂದಿನ ನಾಲ್ಕರ ಮೇಲೆ ಓಡಿಸಿ ನೋಡಿದೆವು. ಒಂದೇ ಸಮ. ಅಷ್ಟು ಹೊತ್ತೂ ಕುರ್ಚಿ ಹಾಕಿ ಕೂತು ನೋಡುತ್ತಿದ್ದ ಸರ್ದಾರ್ಜಿ ಎದ್ದು ಬಂದು ಬಾನೆಟ್ ತಟ್ಟಿ, "ವಾಹ್ ಮಾಸ್ಟರ್‌ಜೀ!" ಅಂದರು. ಅಲ್ಲಿಯವರೆಗೆ ನಾನು ಆ ಗಲ್ಲಿಗೆ 'ಎರಡನೇ ಮಹಡಿಯ ಮದ್ರಾಸಿ'. ಮರುವಾರವೇ ಪಕ್ಕದ ಮನೆಯವರು ತಮ್ಮ ಸ್ಕೂಟರ್ ಯಾಕೆ ಶುರುವಾಗುತ್ತಿಲ್ಲ ನೋಡಿ ಎಂದು ಬಂದರು. ಒಟ್ಟು ಖರ್ಚು ಗ್ಯಾರೇಜಿನ ಅಂದಾಜಿನ ಐದನೇ ಒಂದು ಪಾಲು ಕೂಡ ಆಗಿರಲಿಲ್ಲ. ಆದರೆ ನನಗೆ ಲೆಕ್ಕಕ್ಕೆ ಬಂದದ್ದು ಶುಕ್ರವಾರ ಬೆಳಿಗ್ಗೆ ಸೇತುವೆಯ ಏರಿನಲ್ಲಿ ಅವ್ವ ಹೇಳಿದ ಮಾತು: "ಈಗ ಕೆಮ್ಮವಲ್ದು ನೋಡು." ಬಾಗಿಲಿನ ಹಿಡಿಕೆಯ ಮೇಲೆ ಅವಳ ಕೈ ಇರಲಿಲ್ಲ. ಮಾರ್ಚ್ ತಿಂಗಳ ಹೊತ್ತಿಗೆ ಕೋಲಿಲ್ಲದೆ ಗಲ್ಲಿಯ ತುದಿಯವರೆಗೆ ನಡೆದು ತಾನೇ ಕೊತ್ತಂಬರಿ ತರತೊಡಗಿದಳು.

ಹುಡುಗ ಆ ಜೂನಿನ ಪರೀಕ್ಷೆಯಲ್ಲೂ ದಾಟಲಿಲ್ಲ. ಕೋಣೆ ಖಾಲಿ ಮಾಡಿ ಹೋಗುವಾಗ ತನ್ನ ಪುಸ್ತಕಗಳನ್ನು ಪಕ್ಕದ ಕೋಣೆಯವನಿಗೆ ಕೊಟ್ಟು, ನನ್ನಿಂದ ಒಂದು ಹಳೆಯ ಕಾಯಿಲ್ ಕೇಳಿ ತೆಗೆದುಕೊಂಡು ಹೋದ. ಅಪ್ಪನಿಗೆ ತೋರಿಸಬೇಕಂತೆ. ಈಗ ಕಲಬುರಗಿ ಜಿಲ್ಲೆಯಲ್ಲೇ ಶಾಲಾ ಮಾಸ್ತರಿಕೆ ಮಾಡುತ್ತಿದ್ದಾನೆ. ಯುಗಾದಿಗೆ ತಪ್ಪದೆ ಫೋನು ಮಾಡುತ್ತಾನೆ.

ಹದಿನೈದು ತುಂಬುವ ಮೊದಲೇ, 2020ರ ಫೆಬ್ರವರಿಯಲ್ಲಿ, ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತೆಗೆದುಕೊಂಡು ಗಾಡಿಯನ್ನು ಊರಿಗೆ ಒಯ್ದೆ. ಅವ್ವನೂ ಜೊತೆಗೆ ಹೊರಟಳು. ಕಾಲು ಬಂದಮೇಲೆ ಅವಳಿಗೆ ಊರು ಬೇಕಾಗಿತ್ತು. ದಿಲ್ಲಿಯಲ್ಲಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 48 ಜೈಪುರ, ಉದಯಪುರ, ಅಹಮದಾಬಾದ್, ಪುಣೆ, ಬೆಳಗಾವಿ ಹಾಯ್ದು ನಮ್ಮ ಧಾರವಾಡದ ಪಕ್ಕದಲ್ಲೇ ಹೋಗುತ್ತದೆ. ನಾಲ್ಕು ದಿನದ ಪ್ರಯಾಣ. ಒಂದು ಸಲವೂ ಕೆಮ್ಮಲಿಲ್ಲ. ಮುಂದಿನ ತಿಂಗಳೇ ಲಾಕ್‌ಡೌನ್ ಬಂತು. ನಮ್ಮಲ್ಲಿ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಹಸಿರು ತೆರಿಗೆ ಕಟ್ಟಿದರೆ ಹದಿನೈದು ದಾಟಿದ ಗಾಡಿಗೂ ಐದು ವರ್ಷದ ನೋಂದಣಿ ಸಿಗುತ್ತದೆ. ಕೆಎ 25 ಎಂಬ ಹೊಸ ಹಲಗೆ ಹಾಕಿಕೊಂಡು ಅದು ಅಣ್ಣನ ಮಗನ ಕೈಯಲ್ಲಿ ಓಡಾಡುತ್ತಿದೆ. 2025ರ ಜುಲೈನಲ್ಲಿ ದಿಲ್ಲಿಯ ಬಂಕುಗಳಲ್ಲಿ ಹಳೆಯ ಗಾಡಿಗಳಿಗೆ ಪೆಟ್ರೋಲು ಹಾಕಬಾರದೆಂದು ಆದೇಶ ಬಂದು ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಾಗ, ನಮ್ಮದು ಆ ಗದ್ದಲಕ್ಕೆ ಸಿಗದೆ ಪಾರಾಗಿತ್ತು. ಗಾಡಿಯನ್ನು ಊರಿಗೆ ಮುಟ್ಟಿಸಲು ಒಂದು ಪತ್ರ ಸಾಕಾಯಿತು. ನಾನು ಇನ್ನೂ ಇಲ್ಲೇ ಇದ್ದೇನೆ.

ಮೊನ್ನೆ ಆ ಹುಡುಗ ಫೋನು ಮಾಡಿದ್ದ. "ಕಾಕಾ, ಗಾಡಿ ಏರಿನ್ಯಾಗ ಜಟಕಾ ಹೊಡೀತದ. ಮುಂದಿನ ನಾಕು ಕಾಯಿಲ್ ಇರಬಹುದೇನು?" ನಾನು, ನೀನ್ಯಾಕೆ ಒದ್ದಾಡುತ್ತಿ, ಓಣಿ ತುದಿಯ ಮೇಸ್ತ್ರಿಗೆ ತೋರಿಸು, ಅಂಥವರು ಊರಲ್ಲಿರುವುದೇ ಪುಣ್ಯ ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಅವ್ರು ತೀರಿಕೊಂಡು ಎರಡು ವರ್ಷ ಆತಲ್ಲ ಕಾಕಾ. ನಿಮಗ ಯಾರೂ ಹೇಳಿಲ್ಲೇನು? ಶೆಡ್ಡಿನ ಜಾಗದಾಗ ಈಗ ಮೊಬೈಲ್ ಅಂಗಡಿ ಆಗೇತಿ."

ಯಾರೂ ಹೇಳಿರಲಿಲ್ಲ. ಗುರುತಿನವರು ನಾವು ಬಿಟ್ಟು ಬಂದ ಜಾಗದಲ್ಲಿ ಹಾಗೆಯೇ ಕೂತಿರುತ್ತಾರೆ ಎಂದು ದೂರದಲ್ಲಿರುವವರು ತಿಳಿದಿರುತ್ತೇವೆ. ಮನೆಯಲ್ಲಿ ಹತ್ತು ನಂಬರಿನ ಪಾನಾ ಇದೆಯೇನು ಎಂದು ಕೇಳಿದೆ. ಇದೆ ಅಂದ. "ಹಂಗಾದ್ರ ಫೋನು ಬಾನೆಟ್ ಹತ್ರ ಇಟ್ಟು ಗಾಡಿ ಶುರು ಮಾಡು" ಎಂದು, ಕಿವಿಗೊಟ್ಟು ಕೂತೆ.